ಉಳಿತಾಯ ಬಜೆಟ್ ಇದೆ, ಚರಂಡಿಗೆ ದುಡ್ಡಿಲ್ಲ: ಪುರಸಭೆಯ ಲೆಕ್ಕ ಓದುವುದು ಹೇಗೆ?

ಫೆಬ್ರುವರಿ, ಮಾರ್ಚ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಥರದ ಸುದ್ದಿಗಳು ಸಾಲುಗಟ್ಟುತ್ತವೆ. ಇಂಥ ಪುರಸಭೆಯಿಂದ ಇಷ್ಟು ಲಕ್ಷದ ಉಳಿತಾಯ ಬಜೆಟ್, ಅಂಥ ನಗರಸಭೆಯಿಂದ ಅಷ್ಟು ಲಕ್ಷದ್ದು. ಅದೇ ಪುಟದ ಕೆಳಗಡೆ ಅದೇ ಊರಿನ ಇನ್ನೊಂದು ಸುದ್ದಿ ಇರುತ್ತದೆ. ವಾರಕ್ಕೊಮ್ಮೆ ನೀರು, ತಿಂಗಳಿಂದ ಉರಿಯದ ಬೀದಿದೀಪ, ಕಸದ ಗಾಡಿ ಚಾಲಕರಿಗೆ ಸಂಬಳ ಬಾಕಿ. ಓದುವವರಿಗೆ ತಲೆ ಕೆಡದೆ ಇನ್ನೇನಾಗುತ್ತದೆ? ದುಡ್ಡು ಉಳಿದಿದೆ ಅಂದಮೇಲೆ ಸಂಬಳ ಯಾಕೆ ಬಾಕಿ? ಉಳಿದಿಲ್ಲ ಅಂದರೆ ಆ ಸುದ್ದಿ ಸುಳ್ಳಾ?

ಎರಡೂ ನಿಜ. ಬಜೆಟ್ ಪುಸ್ತಕದ ಕೊನೆಯ ಸಾಲಿನಲ್ಲಿರುವ ಉಳಿತಾಯಕ್ಕೂ ಊರಿನ ಕೈಯಲ್ಲಿರುವ ದುಡ್ಡಿಗೂ ಹೆಚ್ಚು ಸಂಬಂಧವಿಲ್ಲ, ಅಷ್ಟೇ. ಆಡಳಿತ ಮಂಡಳಿ ತಾನಾಗಿ ಕೂತು, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಅಂತ ತೀರ್ಮಾನಿಸಬಹುದಾದ ಹಣ ಎಷ್ಟು ಎಂಬುದೇ ನಾವು ಹುಡುಕಬೇಕಾದ ಅಂಕಿ. ಅದು ಪುಸ್ತಕದಲ್ಲಿ ಎಲ್ಲೂ ಒಂದೇ ಕಡೆ ಬರೆದಿರುವುದಿಲ್ಲ. ನಾವೇ ಕಳೆಯುತ್ತಾ ಹೋಗಿ ಕಂಡುಕೊಳ್ಳಬೇಕು.

ಕೊರತೆ ತೋರಿಸಲು ದಾರಿಯೇ ಇಲ್ಲ

ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಕೊರತೆ ಬಜೆಟ್ ಮಂಡಿಸಬಹುದು. ಸಾಲ ತಂದು ಸರಿದೂಗಿಸಬಹುದು. ಊರಿನ ಸಂಸ್ಥೆಗಳಿಗೆ ಆ ಸ್ವಾತಂತ್ರ್ಯವಿಲ್ಲ. ಜಮೆ ಮತ್ತು ಖರ್ಚು ಸರಿದೂಗಲೇಬೇಕು ಅನ್ನುವುದು ಕಾನೂನಿನ ನಿಲುವು. ಸಾಲ ಬೇಕೆಂದರೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಒಟ್ಟಿನಲ್ಲಿ ಉಳಿತಾಯ ಬಿಟ್ಟು ಬೇರೆ ಥರದ ಬಜೆಟ್ ಮಂಡಿಸುವುದೇ ಕಷ್ಟ. ಅಂಥದ್ದನ್ನು ಸಾಧನೆಯಂತೆ ಸುದ್ದಿ ಮಾಡುವುದು ಸ್ವಲ್ಪ ವಿಚಿತ್ರವೇ.

ಇದರ ಪರಿಣಾಮ ಏನು? ಲೆಕ್ಕ ವಿಭಾಗದವರು ಬಜೆಟ್ ಬರೆಯಲು ಕೂತಾಗ ಕೊನೆಯ ಸಾಲು ಮೊದಲೇ ಗೊತ್ತಿರುತ್ತದೆ. ಇತ್ತ ಸದಸ್ಯರೆಲ್ಲ ತಮ್ಮ ವಾರ್ಡಿಗೆ ಕೆಲಸ ಕೇಳುತ್ತಾರೆ. ಖರ್ಚಿನ ಬದಿ ಉಬ್ಬುತ್ತದೆ. ಆಗ ಜಮೆಯ ಬದಿಯನ್ನೂ ಉಬ್ಬಿಸದೆ ಗತಿಯಿಲ್ಲ. ವರ್ಷಗಟ್ಟಲೆಯ ನೀರಿನ ಬಾಕಿ ಈ ಸಲ ವಸೂಲಾಗಿಯೇ ಬಿಡುತ್ತದೆ ಅಂತ ಬರೆಯುತ್ತಾರೆ. ಮಳಿಗೆಗಳ ಹರಾಜು ನಡೆದು ಬಾಡಿಗೆ ದುಪ್ಪಟ್ಟಾಗುತ್ತದೆ ಅಂತ ಬರೆಯುತ್ತಾರೆ. ಸರ್ಕಾರದಿಂದ ವಿಶೇಷ ಅನುದಾನದ ನಿರೀಕ್ಷೆ ಅಂತ ಒಂದು ದೊಡ್ಡ ಮೊತ್ತ ಸೇರಿಸುತ್ತಾರೆ. ಇವು ಬರದಿದ್ದರೆ ಮುಂದಿನ ವರ್ಷದ ಪುಸ್ತಕದಲ್ಲಿ ಪರಿಷ್ಕೃತ ಅಂದಾಜು ಎಂಬ ಕಾಲಂನಲ್ಲಿ ಸದ್ದಿಲ್ಲದೆ ಕಡಿಮೆಯಾಗುತ್ತವೆ. ಆ ಕಾಲಂ ಯಾವತ್ತೂ ಸುದ್ದಿಯಾಗುವುದಿಲ್ಲ.

32 ಕೋಟಿಯ ಊರು

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಊರನ್ನು ಊಹಿಸಿಕೊಳ್ಳೋಣ. ಸುಮಾರು 40 ಸಾವಿರ ಜನ, 23 ವಾರ್ಡು. ಜನಸಂಖ್ಯೆ 20 ಸಾವಿರದಿಂದ 50 ಸಾವಿರದ ಒಳಗಿರುವುದರಿಂದ ಇದು ಪುರಸಭೆ. 50 ಸಾವಿರ ದಾಟಿದ್ದರೆ ನಗರಸಭೆ ಆಗುತ್ತಿತ್ತು, 20 ಸಾವಿರಕ್ಕಿಂತ ಕಡಿಮೆ ಇದ್ದರೆ ಪಟ್ಟಣ ಪಂಚಾಯಿತಿ. ಈ ಊರಿನ ಬಜೆಟ್‌ನಲ್ಲಿ ಒಟ್ಟು ಜಮೆ 32 ಕೋಟಿ ರೂಪಾಯಿ, ಖರ್ಚು 31 ಕೋಟಿ 85 ಲಕ್ಷ. ಉಳಿತಾಯ 15 ಲಕ್ಷ. ಸುದ್ದಿಯ ತಲೆಬರಹ ಸಿದ್ಧ. ಅಂಕಿಗಳೆಲ್ಲ ಕಲ್ಪಿತ, ಆದರೆ ದುಡ್ಡು ಸರಿದಾಡುವ ರೀತಿ ಕಲ್ಪಿತವಲ್ಲ.

ಈಗ ಕಳೆಯುತ್ತಾ ಹೋಗೋಣ. ಮೊದಲ ಸಾಲು ಆರಂಭ ಶಿಲ್ಕು, 9 ಕೋಟಿ. ಏಪ್ರಿಲ್ 1ಕ್ಕೆ ಬ್ಯಾಂಕ್ ಖಾತೆಗಳಲ್ಲಿ ಇರುವ ಹಣ. ಕೇಳಿದರೆ ಊರು ಶ್ರೀಮಂತ ಅನಿಸುತ್ತದೆ. ಆದರೆ ಇದರಲ್ಲಿ ಬಹುಪಾಲು ಹಿಂದಿನ ವರ್ಷ ಬಂದು ಖರ್ಚಾಗದೆ ಕೂತ ಅನುದಾನ. ಟೆಂಡರ್ ಆಗಿದೆ, ಕೆಲಸ ಅರ್ಧ ನಡೆದಿದೆ, ಬಿಲ್ ಕೊಡುವುದು ಬಾಕಿ ಇದೆ. ಪಕ್ಕದ ಮನೆಯವರು ಊರಿಗೆ ಹೋಗುವಾಗ ನಮ್ಮಲ್ಲಿ ಇಟ್ಟುಹೋದ ಒಡವೆಯನ್ನು ನಮ್ಮ ಆಸ್ತಿ ಅಂತ ಎಣಿಸಿದ ಹಾಗೆ.

ಎರಡನೆಯದು ಅಸಾಧಾರಣ ಜಮೆ, 4 ಕೋಟಿ. ಗುತ್ತಿಗೆದಾರರ ಠೇವಣಿ, ನೌಕರರ ಸಂಬಳದಿಂದ ಹಿಡಿದುಕೊಂಡ ಹಣ, ಬಿಲ್ಲಿನಲ್ಲಿ ಕಡಿತ ಮಾಡಿದ ತೆರಿಗೆ, ಬೇರೆ ಇಲಾಖೆಗಳಿಗಾಗಿ ವಸೂಲಿ ಮಾಡಿದ ಕರ. ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಮೂರನೆಯದು ಯೋಜನೆಗಳ ಬಂಡವಾಳ ಅನುದಾನ, 8 ಕೋಟಿ. ನಾಲ್ಕನೆಯದು ಕಾಯಂ ನೌಕರರ ವೇತನಕ್ಕೆ, ವಿದ್ಯುತ್ ಬಿಲ್ಲಿಗೆ ಅಂತಲೇ ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ 6 ಕೋಟಿ. ಕಚೇರಿಯಲ್ಲಿ ಇದನ್ನು ಎಸ್‌ಎಫ್‌ಸಿ ಅನುದಾನ ಅಂತಲೇ ಕರೆಯುತ್ತಾರೆ. ಇದೂ ಖರ್ಚಿನ ಹೆಸರು ಹೊತ್ತುಕೊಂಡೇ ಬರುತ್ತದೆ.

ಉಳಿದದ್ದು 5 ಕೋಟಿ. ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ, ಸಂತೆ ಸುಂಕ ಎಲ್ಲ ಸೇರಿ ಊರಿನ ಸ್ವಂತ ಆದಾಯ. ಇದರಲ್ಲಿ ಹೊರಗುತ್ತಿಗೆ ಚಾಲಕರು, ವಾಲ್ವ್‌ಮನ್‌ಗಳ ಸಂಬಳ, ಕಸದ ಗಾಡಿಗಳ ಡೀಸೆಲ್, ಸುಟ್ಟುಹೋದ ಮೋಟಾರ್ ರಿಪೇರಿ, ಬ್ಲೀಚಿಂಗ್ ಪೌಡರ್, ಕಚೇರಿ ಖರ್ಚು ಅಂತ ಮೂರೂವರೆ ಕೋಟಿ ಹೋಯಿತು ಅಂದುಕೊಳ್ಳಿ. ಉಳಿಯುವುದು ಒಂದೂವರೆ ಕೋಟಿ. ಸ್ವಂತ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡಬೇಕು ಎಂಬ ನಿಯಮ ಪುರಸಭೆಗಳಲ್ಲಿ ಬಹಳ ವರ್ಷದಿಂದ ಇದೆ. ಕಡ್ಡಾಯ ಖರ್ಚು ಕಳೆದು ಉಳಿದದ್ದಕ್ಕೆ ಮಾತ್ರ ಲೆಕ್ಕ ಹಾಕಿದರೂ ಸುಮಾರು 54 ಲಕ್ಷ ಆಯಿತು. ವಿದ್ಯಾರ್ಥಿಗಳಿಗೆ ಸಹಾಯಧನ, ತ್ರಿಚಕ್ರ ವಾಹನ, ಚಿಕಿತ್ಸೆಗೆ ನೆರವು ಇಂಥದ್ದಕ್ಕೆಲ್ಲ ಇದೇ ಹಣ. ಇದನ್ನು ದಂಡ ಅನ್ನುವಂತಿಲ್ಲ. ಆದರೆ ಚರಂಡಿಗೆ ಅಂತ ಎಳೆಯುವಂತೆಯೂ ಇಲ್ಲ.

ಕೊನೆಗೆ ಸಿಕ್ಕಿದ್ದು 95 ಲಕ್ಷ ಚಿಲ್ಲರೆ. 32 ಕೋಟಿಯಲ್ಲಿ 23 ಸದಸ್ಯರು ನಿಜಕ್ಕೂ ಚರ್ಚಿಸಿ ತೀರ್ಮಾನಿಸಬಹುದಾದ ಹಣ ಶೇ 3ರಷ್ಟು. ವಾರ್ಡಿಗೆ ಹಂಚಿದರೆ ತಲಾ ನಾಲ್ಕು ಲಕ್ಷ ಚಿಲ್ಲರೆ. ಸಣ್ಣದೊಂದು ಅಡ್ಡರಸ್ತೆಯ ಒಂದು ಬದಿಗೆ ಚರಂಡಿ ಆದೀತು.

ಅನುದಾನ ಬಂದರೂ ಕೈಗೆ ಸಿಗುವುದಿಲ್ಲ

ಹಾಗಾದರೆ ಅನುದಾನದ ಎಂಟು ಕೋಟಿಯಲ್ಲಿ ಚರಂಡಿ ಕಟ್ಟಬಾರದಾ? ಸ್ವಲ್ಪ ಕಟ್ಟಬಹುದು, ಬೇಕಾದಲ್ಲಿ ಅಲ್ಲ. 15ನೇ ಹಣಕಾಸು ಆಯೋಗ (ಕೇಂದ್ರದ ಹಣವನ್ನು ರಾಜ್ಯಗಳಿಗೆ, ಊರುಗಳಿಗೆ ಹೇಗೆ ಹಂಚಬೇಕು ಅಂತ ಹೇಳುವ ಆಯೋಗ) 2021ರಿಂದ 2026ರವರೆಗೆ ಸಣ್ಣ, ಮಧ್ಯಮ ಊರುಗಳಿಗೆ ಕೊಟ್ಟ ಅನುದಾನವನ್ನೇ ನೋಡಿ. ಶೇ 30 ಕುಡಿಯುವ ನೀರಿಗೆ, ಶೇ 30 ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ ಅಂತ ಮೊದಲೇ ಕಟ್ಟಿಹಾಕಿತ್ತು. ಉಳಿದ ಶೇ 40 ಮುಕ್ತ ಅನುದಾನ. ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ. ಕೊಡುವವರ ಕಡೆಯಿಂದ ನೋಡಿದರೆ ಇದಕ್ಕೆ ಕಾರಣವಿದೆ. ಕಟ್ಟಿಹಾಕದಿದ್ದರೆ ಹಣವೆಲ್ಲ ಕಣ್ಣಿಗೆ ಕಾಣುವ ಕಾಂಕ್ರೀಟ್ ರಸ್ತೆಗೆ, ಸ್ವಾಗತ ಕಮಾನಿಗೆ ಹೋಗುತ್ತದೆ ಎಂಬ ಭಯ. ಆ ಭಯ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ.

ಹಣ ಬಂದ ಕೂಡಲೇ ಕೆಲಸ ಶುರುವಾಗುವುದೂ ಇಲ್ಲ. ಮೊದಲು ಕ್ರಿಯಾ ಯೋಜನೆ ಆಗಬೇಕು. ಯಾವ ವಾರ್ಡಿನ ಯಾವ ಕೆಲಸಕ್ಕೆ ಎಷ್ಟು ಎಂಬ ಪಟ್ಟಿ ಅದು. ಸಭೆಯಲ್ಲಿ ಠರಾವು ಆಗಿ, ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಅನುಮೋದನೆ ಪಡೆದು, ಆಮೇಲೆ ಅಂದಾಜು ಪಟ್ಟಿ, ಟೆಂಡರ್. ಊರಿನ ಖರ್ಚಿನ ನಿಜವಾದ ತೀರ್ಮಾನ ಆಗುವುದು ಈ ಕ್ರಿಯಾ ಯೋಜನೆಯಲ್ಲಿ. ಬಜೆಟ್ ದಿನ ಅಧ್ಯಕ್ಷರು ಓದುವ ಭಾಷಣಕ್ಕಿಂತ ಇದರ ತೂಕ ಜಾಸ್ತಿ. ಸುದ್ದಿ ಮಾತ್ರ ಭಾಷಣದ್ದೇ ಆಗುತ್ತದೆ.

ಇನ್ನು ನಗರೋತ್ಥಾನದಂಥ ರಾಜ್ಯ ಯೋಜನೆಗಳಲ್ಲಿ ಕೆಲಸಗಳ ಪಟ್ಟಿಗೆ ಒಪ್ಪಿಗೆ ಕೊಡುವುದು ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಸಮಿತಿ. ಶಾಸಕರು, ಸಂಸದರು ಪುರಸಭೆಯಲ್ಲೂ ಮತ ಹಾಕುವ ಹಕ್ಕಿರುವ ಸದಸ್ಯರೇ. ಹಾಗಾಗಿ ದೊಡ್ಡ ಮೊತ್ತದ ಕೆಲಸ ಎಲ್ಲಿಗೆ ಅನ್ನುವುದು ಸಭೆ ಸೇರುವ ಮೊದಲೇ ಬೇರೆಲ್ಲೋ ತೀರ್ಮಾನ ಆಗಿರುತ್ತದೆ. ವಾರ್ಡ್ ಸದಸ್ಯರು ಭೂಮಿಪೂಜೆಯ ಫೋಟೊದಲ್ಲಿ ಪಕ್ಕದಲ್ಲಿ ನಿಂತಿರುತ್ತಾರೆ.

ತೆರಿಗೆ ರಶೀದಿಯನ್ನು ತಿರುಗಿಸಿ ನೋಡಿ

ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ ಅಂತ ಸಾಲಿನಲ್ಲಿ ನಿಂತು ಕಟ್ಟುವ ಆಸ್ತಿ ತೆರಿಗೆಯ ರಶೀದಿ ಇದೆಯಲ್ಲ, ಅದರಲ್ಲಿ ತೆರಿಗೆಯ ಕೆಳಗೆ ಇನ್ನೂ ಕೆಲವು ಸಾಲುಗಳಿರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ನೂರು ರೂಪಾಯಿ ತೆರಿಗೆಯ ಮೇಲೆ 24 ರೂಪಾಯಿ. ಗ್ರಂಥಾಲಯ ಕರ ಗ್ರಂಥಾಲಯ ಪ್ರಾಧಿಕಾರಕ್ಕೆ ಸೇರಬೇಕು, ಭಿಕ್ಷುಕರ ಕರ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಸಮಿತಿಗೆ. ಪುರಸಭೆ ಇಲ್ಲಿ ವಸೂಲಿಗಾರ ಮಾತ್ರ. ಕಟ್ಟುವವರು ಮಾತ್ರ ಪೂರ್ತಿ 124 ರೂಪಾಯಿಯನ್ನೂ ಪುರಸಭೆಗೇ ಕೊಟ್ಟೆವು ಅಂದುಕೊಳ್ಳುತ್ತಾರೆ. ಎಷ್ಟೋ ಊರುಗಳಲ್ಲಿ ದುಡ್ಡಿನ ಮುಗ್ಗಟ್ಟು ಬಂದಾಗ ಈ ಕರವನ್ನು ವರ್ಗಾಯಿಸದೆ ಇಟ್ಟುಕೊಂಡು, ಆಮೇಲೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಎದುರಿಸುವುದೂ ಇದೆ.

ತೆರಿಗೆ ದರವಾದರೂ ಊರಿನ ಕೈಯಲ್ಲಿದೆಯಾ? ಹೆಸರಿಗೆ ಇದೆ. ಪುರಸಭೆ ಕಾಯ್ದೆಯ 2021ರ ತಿದ್ದುಪಡಿಯ ನಂತರ ಆಸ್ತಿ ತೆರಿಗೆ, ಆಸ್ತಿ ನೋಂದಣಿಗೆ ಮುದ್ರಾಂಕ ಇಲಾಖೆ ಬಳಸುವ ಮಾರ್ಗಸೂಚಿ ದರಕ್ಕೆ ಗಂಟು ಬಿದ್ದಿದೆ. ದರದ ಕನಿಷ್ಠ, ಗರಿಷ್ಠ ಮಿತಿಯನ್ನು ರಾಜ್ಯವೇ ನಿಗದಿ ಮಾಡುತ್ತದೆ. 15ನೇ ಹಣಕಾಸು ಆಯೋಗವಂತೂ, ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡದ ಮತ್ತು ವಸೂಲಿಯಲ್ಲಿ ಏರಿಕೆ ತೋರಿಸದ ರಾಜ್ಯದ ಊರುಗಳಿಗೆ ಅನುದಾನವೇ ಇಲ್ಲ ಅಂದುಬಿಟ್ಟಿತ್ತು. ಹೀಗಾಗಿ ವರ್ತಕರ ಸಂಘ ಬಂದು ಪುರಸಭೆ ಮುಂದೆ ಧರಣಿ ಕೂತರೆ, ಅಧ್ಯಕ್ಷರು ಸರ್ಕಾರದ ಕಡೆ ಕೈ ತೋರಿಸುತ್ತಾರೆ. ಈ ಒಂದು ವಿಷಯದಲ್ಲಿ ಅವರು ಹೇಳುವುದು ಹೆಚ್ಚುಕಡಿಮೆ ನಿಜ.

ಆದರೆ ದರ ಒಂದು ಕಡೆ, ವಸೂಲಿ ಇನ್ನೊಂದು ಕಡೆ. ಗುತ್ತಿಗೆ ಅವಧಿ ಮುಗಿದರೂ ಹಳೇ ಬಾಡಿಗೆಗೇ ನಡೆಯುವ ಮಳಿಗೆಗಳು, ಮೇಲಂತಸ್ತು ಕಟ್ಟಿದರೂ ದಾಖಲೆಯಲ್ಲಿ ಹೆಂಚಿನ ಮನೆಯಾಗೇ ಉಳಿದ ಕಟ್ಟಡಗಳು, ಅನಧಿಕೃತ ನಲ್ಲಿಗಳು. ಇವನ್ನು ಸರಿಪಡಿಸಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ, ಊರಿನಲ್ಲಿ ನಾಲ್ಕು ಜನರನ್ನು ಎದುರು ಹಾಕಿಕೊಳ್ಳುವ ಧೈರ್ಯ ಸಾಕು. ಬಾಡಿಗೆದಾರರಲ್ಲಿ ಕೆಲವರು ಸದಸ್ಯರ ಕಡೆಯವರೇ ಆಗಿರುತ್ತಾರೆ, ಅಲ್ವಾ?

ಕಟ್ಟುವವರು ಒಬ್ಬರು, ನಡೆಸುವವರು ಇನ್ನೊಬ್ಬರು

ಸೇವೆಗಳು ಹದಗೆಡಲು ಇನ್ನೊಂದು ಕಾರಣವಿದೆ. ಇದು ಬಜೆಟ್ ಸುದ್ದಿಯಲ್ಲಿ ಕಾಣುವುದೇ ಇಲ್ಲ.

ನದಿಯಿಂದ ಊರಿಗೆ ನೀರು ತರುವ ಯೋಜನೆ ಬಂತು ಅಂದುಕೊಳ್ಳಿ. ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಹಣ ಕೇಂದ್ರದ ಅಮೃತ್ ಯೋಜನೆಯದು, ರಾಜ್ಯದ್ದು, ಒಂದು ಪಾಲು ಪುರಸಭೆಯದು. ಕೆಲಸ ಮುಗಿದ ಮೇಲೆ ಪಂಪ್‌ಹೌಸ್, ಪೈಪು, ಟ್ಯಾಂಕು ಎಲ್ಲವನ್ನೂ ಪುರಸಭೆಗೆ ಹಸ್ತಾಂತರ ಮಾಡುತ್ತಾರೆ. ಅಲ್ಲಿಂದ ಮುಂದೆ ಪಂಪು ಓಡಿಸುವವರ ಸಂಬಳ, ಫಿಲ್ಟರ್ ಖರ್ಚು, ಪೈಪು ಒಡೆದರೆ ರಿಪೇರಿ ಎಲ್ಲ ಊರಿನ ಮೇಲೆ. ಕರೆಂಟ್ ಬಿಲ್ ದೊಡ್ಡದಾಗುತ್ತದೆ. ಎಸ್ಕಾಂಗಳಿಗೆ, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳಿಗೆ, ಬಾಕಿ ಬೆಳೆದರೆ ಅದನ್ನು ತೀರಿಸಲು ಊರಿನ ಅನುದಾನಕ್ಕೇ ಕತ್ತರಿ ಬೀಳುತ್ತದೆ. ನೀರಿನ ಶುಲ್ಕ ಮಾತ್ರ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಏರಿಸಿದರೆ ಮುಂದಿನ ಚುನಾವಣೆಯ ಭಯ. ಹೀಗೆ ದೊಡ್ಡ ಯೋಜನೆ ಬಂದಷ್ಟೂ ಊರಿನ ದಿನನಿತ್ಯದ ಖರ್ಚು ಏರುತ್ತಾ, ಆ 95 ಲಕ್ಷ ಕರಗುತ್ತಾ ಹೋಗುತ್ತದೆ.

ಸಾಮಾನ್ಯ ಸಭೆಗಳಲ್ಲಿ ಗಲಾಟೆ ಆಗುವುದು ಹೆಚ್ಚಾಗಿ ಇಂಥ ಖರ್ಚಿಗೇ. ಅಜೆಂಡಾದ ಆರಂಭದಲ್ಲೇ ಹಿಂದಿನ ತಿಂಗಳ ಜಮಾ-ಖರ್ಚಿಗೆ ಮಂಜೂರಾತಿ ಎಂಬ ವಿಷಯ ಇರುತ್ತದೆ. ಅದರೊಳಗೆ ಮೋಟಾರ್ ರಿಪೇರಿ ಬಿಲ್ಲುಗಳು. ಬೇಸಿಗೆಯಲ್ಲಿ ಕೊಳವೆಬಾವಿ ಮೋಟಾರ್ ಸುಟ್ಟರೆ ಟೆಂಡರ್ ಕರೆದು ಕಾಯುತ್ತಾ ಕೂರಲು ಆಗುವುದಿಲ್ಲ. ಮುಖ್ಯಾಧಿಕಾರಿ ಮೊದಲು ರಿಪೇರಿ ಮಾಡಿಸುತ್ತಾರೆ, ಆಮೇಲೆ ಘಟನೋತ್ತರ ಅನುಮೋದನೆಗೆ ಸಭೆ ಮುಂದೆ ಇಡುತ್ತಾರೆ. ‘ಒಂದೇ ಮೋಟಾರು ವರ್ಷಕ್ಕೆ ಎಷ್ಟು ಸಲ ಸುಡುತ್ತೆ ಸ್ವಾಮಿ?’ ಅಂತ ಸದಸ್ಯರು ಎದ್ದು ನಿಲ್ಲುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ದುಡ್ಡು ಆಗಲೇ ಖರ್ಚಾಗಿರುತ್ತದೆ. ಸಭೆ ಬೇಡ ಅಂದರೂ ರಿಪೇರಿಯಾದ ಮೋಟಾರನ್ನು ವಾಪಸ್ ಸುಡಲಾಗುವುದಿಲ್ಲ.

ಯಾರ ವಾದ ಏನು?

ರಾಜ್ಯ ಸರ್ಕಾರದ ಕಡೆಯವರ ವಾದ ನೇರವಾಗಿದೆ. ತೆರಿಗೆಯನ್ನೇ ಸರಿಯಾಗಿ ವಸೂಲಿ ಮಾಡದ ಸಂಸ್ಥೆಗೆ ಕಟ್ಟಿಲ್ಲದ ದುಡ್ಡು ಕೊಟ್ಟರೆ ಏನಾಗುತ್ತದೆ ಅನ್ನುವುದು ಅವರ ಪ್ರಶ್ನೆ. ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ ಟೆಂಡರ್ ತಪ್ಪಿಸುವ ತುಂಡು ಗುತ್ತಿಗೆಯ ಉದಾಹರಣೆ ಅವರ ಬಳಿ ಸದಾ ಸಿದ್ಧ. ಹಣ ಬಂದ ಕೂಡಲೇ ವಾರ್ಡಿಗೆ ಸಮಪಾಲು ಅಂತ ಹಂಚಿಕೊಳ್ಳುವ ಅಭ್ಯಾಸದ ಬಗ್ಗೆಯೂ ದೂರಿದೆ. ಈ ದೂರಿನಲ್ಲಿ ಹುರುಳಿದೆ. ನೀರು ವಾರ್ಡಿನ ಗಡಿ ನೋಡಿ ಹರಿಯುವುದಿಲ್ಲ. ಮೇಲಿನ ವಾರ್ಡಿನಲ್ಲಿ ನಾಲ್ಕು ಲಕ್ಷದ ಚರಂಡಿ ಆಯಿತು, ಕೆಳಗಿನ ವಾರ್ಡಿನ ಸದಸ್ಯರು ತಮ್ಮ ನಾಲ್ಕು ಲಕ್ಷವನ್ನು ಹೈಮಾಸ್ಟ್ ದೀಪಕ್ಕೆ ಹಾಕಿದರು. ಮಳೆ ಬಂದಾಗ ಮೇಲಿನ ಚರಂಡಿಯ ನೀರು ಕೆಳಗಿನವರ ಮನೆಗೆ ನುಗ್ಗುತ್ತದೆ.

ಸದಸ್ಯರದ್ದು ಇನ್ನೊಂದು ವಾದ. ಮುಖ್ಯಾಧಿಕಾರಿಯನ್ನು ನೇಮಿಸುವುದು, ವರ್ಗ ಮಾಡುವುದು ಸರ್ಕಾರ. ಎಂಜಿನಿಯರ್ ಹುದ್ದೆ ಖಾಲಿ ಇದ್ದರೆ ತುಂಬುವ ಅಧಿಕಾರ ನಮಗಿಲ್ಲ. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕ ಬರೆದದ್ದೂ ಸರ್ಕಾರವೇ. ಹೀಗಿರುವಾಗ ಬೈಸಿಕೊಳ್ಳುವುದು ಮಾತ್ರ ನಾವಾ? ಇದಕ್ಕೂ ಆಧಾರವಿದೆ. ನಗರ ಸಂಸ್ಥೆಗಳಿಗೆ ಅಧಿಕಾರ ಕೊಡಲು ಬಂದ ಸಂವಿಧಾನದ 74ನೇ ತಿದ್ದುಪಡಿಯ ಜಾರಿಯ ಬಗ್ಗೆ 18 ರಾಜ್ಯಗಳಲ್ಲಿ ನಡೆಸಿದ ಲೆಕ್ಕ ಪರಿಶೋಧನೆಗಳನ್ನು ಒಟ್ಟುಗೂಡಿಸಿ, ಸರ್ಕಾರಿ ಲೆಕ್ಕ ಪರಿಶೋಧಿಸುವ ಸಂಸ್ಥೆ ಸಿಎಜಿ 2024ರಲ್ಲಿ ಒಂದು ಚಿತ್ರ ಕೊಟ್ಟಿತು. ನಗರ ಸಂಸ್ಥೆಗಳ ಆದಾಯದಲ್ಲಿ ಸ್ವಂತದ್ದು ಶೇ 32 ಮಾತ್ರ. ಮಂಜೂರಾದ ಹುದ್ದೆಗಳಲ್ಲಿ ಶೇ 37 ಖಾಲಿ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಭಾರತದಲ್ಲಿ ನಗರ ಸಂಸ್ಥೆಗಳ ಆದಾಯ-ಖರ್ಚು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಿಡಿಪಿಯ ಶೇ 1ರ ಆಸುಪಾಸಿನಲ್ಲೇ ನಿಂತಿದೆ. ಬ್ರೆಜಿಲ್‌ನಲ್ಲಿ ಅದು ಶೇ 7ಕ್ಕಿಂತ ಜಾಸ್ತಿ.

ಎರಡೂ ವಾದ ಒಂದನ್ನೊಂದು ಬೆಳೆಸುತ್ತವೆ ಅನ್ನುವುದೇ ಇಲ್ಲಿನ ಗಂಟು. ಅಧಿಕಾರವಿಲ್ಲ ಅಂತ ಸದಸ್ಯರು ಹೊಣೆ ಹೊರುವುದಿಲ್ಲ. ಹೊಣೆ ಹೊರುವುದಿಲ್ಲ ಅಂತ ಸರ್ಕಾರ ಅಧಿಕಾರ ಕೊಡುವುದಿಲ್ಲ. ನನಗೆ ಕಾಣುವಂತೆ ಮೊದಲು ಸಡಿಲಿಸಬೇಕಾದದ್ದು ಸರ್ಕಾರದ ಕಡೆಯ ಹಗ್ಗ. ಮೂರು ಪರ್ಸೆಂಟ್ ಹಣದ ಮೇಲೆ ಜವಾಬ್ದಾರಿ ಕಲಿಸಲು ಯಾರಿಂದಲೂ ಆಗುವುದಿಲ್ಲ.

ಸದಸ್ಯರೇ ಇಲ್ಲದ ವರ್ಷಗಳು

ಇರುವ ಆ ಸಣ್ಣ ಪಾಲಿನ ಮೇಲೂ ತೀರ್ಮಾನ ಮಾಡುವವರು ಎಷ್ಟೋ ವರ್ಷ ಇರುವುದೇ ಇಲ್ಲ. 2018ರಲ್ಲಿ ಚುನಾವಣೆ ನಡೆದ ಅನೇಕ ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯ ಕೋರ್ಟಿಗೆ ಹೋಗಿ, ಗೆದ್ದವರು ಎರಡು ವರ್ಷ ಸುಮ್ನೆ ಕೂತರು. 2020ರ ಕೊನೆಯಲ್ಲಿ ಅಧ್ಯಕ್ಷರು ಬಂದರು. 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವಿನ ಬಜೆಟ್‌ಗಳನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಮುಗಿಸಿದರು.

ಬೆಂಗಳೂರಿನದ್ದು ಇದೇ ಕಥೆಯ ದೊಡ್ಡ ರೂಪ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. 2025–26ರ ಸುಮಾರು 19,900 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ್ದು ಅಧಿಕಾರಿಗಳು. 2025ರ ಏಪ್ರಿಲ್‌ನಿಂದ ಮನೆಯ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಶುಲ್ಕ ಆಸ್ತಿ ತೆರಿಗೆಯ ಜೊತೆ ಸೇರಿತು. ಆಗ ಒಬ್ಬರೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಶುಲ್ಕ ಸರಿಯೋ ತಪ್ಪೋ ಬೇರೆ ಮಾತು. ಪರವಾಗಿ ವಾದಿಸಿ ಮುಂದಿನ ಸಲ ಮತ ಕೇಳಲು ಬರಬೇಕಾದವರು ಯಾರೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಶುರುವಾದದ್ದು ಅವೂ ಆಡಳಿತಾಧಿಕಾರಿಯ ಕೈಯಲ್ಲೇ.

ಆಡಳಿತಾಧಿಕಾರಿ ಇದ್ದಾಗ ಕೆಲಸ ಬೇಗ ಆಗುತ್ತದೆ ಅನ್ನುವವರಿದ್ದಾರೆ. ಕಡತ ಬೇಗ ಓಡುವುದು ನಿಜ. ಆದರೆ 15ನೇ ಹಣಕಾಸು ಆಯೋಗ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕು ಎಂಬ ಷರತ್ತನ್ನೂ ಹಾಕಿತ್ತು. ಚುನಾವಣೆ ಮುಂದೂಡಿದರೆ ಹಣವೂ ತಪ್ಪುತ್ತದೆ. ಇನ್ನೊಂದು ನಷ್ಟ ಮೆಲ್ಲಗೆ ಕಾಣುತ್ತದೆ. ಸದಸ್ಯರಿಲ್ಲದ ಕಾಲದಲ್ಲಿ ಮಾಡಿಕೊಂಡ ಗುತ್ತಿಗೆಗಳು, ನಿರ್ವಹಣಾ ಒಪ್ಪಂದಗಳು, ಕೊಡದೆ ಉಳಿದ ಬಿಲ್ಲುಗಳು ಮುಂದಿನ ಆಡಳಿತ ಮಂಡಳಿಯ ಲೆಕ್ಕಕ್ಕೆ ಬರುತ್ತವೆ. ಹೊಸಬರ ಮೊದಲ ಬಜೆಟ್‌ನಲ್ಲೇ ಆ ಶೇ 3 ಕೂಡ ಮೊದಲೇ ಖರ್ಚಾಗಿರುವ ಸಾಧ್ಯತೆ ಇದೆ.

ಪ್ರಶ್ನೆ ಕೇಳಲು ಸಮಯ ಯಾವುದು?

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಸಂವಿಧಾನವೇ ವಾರ್ಡ್ ಸಮಿತಿ ಹೇಳಿದೆ. ನಮ್ಮ ಊಹೆಯ ಊರಿಗೆ ಆ ಅನುಕೂಲವಿಲ್ಲ. ಅಲ್ಲಿನವರಿಗೆ ಸಿಗುವುದು ಬಜೆಟ್ ಪೂರ್ವಭಾವಿ ಸಭೆ. 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಡಿ ಸಾರ್ವಜನಿಕರನ್ನು ಕರೆದು ಕೇಳಬೇಕು. ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ನಡೆಯುತ್ತದೆ. ಬರುವವರು ಕಡಿಮೆ. ಬಂದವರೂ ಹೆಚ್ಚಾಗಿ ನಾಯಿ ಕಾಟ, ಹಂದಿ ಕಾಟ, ಪಾರ್ಕಿಂಗ್ ಅಂತ ಬೇಡಿಕೆ ಹೇಳಿ, ಟೀ ಕುಡಿದು ಹೊರಡುತ್ತಾರೆ.

ಅಲ್ಲಿ ಕಳೆದ ಸಾಲಿನ ಪುಸ್ತಕ ಹಿಡಿದು ಕೇಳಬಹುದಾದ ಪ್ರಶ್ನೆಗಳು ಬೇರೆ. ಆರಂಭ ಶಿಲ್ಕಿನಲ್ಲಿ ಯಾವ ಅನುದಾನ ಎಷ್ಟು, ಯಾವ ವರ್ಷದಿಂದ ಖರ್ಚಾಗಿಲ್ಲ? ಮಳಿಗೆ ಬಾಡಿಗೆ ಅಂದಾಜಿಸಿದ್ದು ಎಷ್ಟು, ಬಂದದ್ದು ಎಷ್ಟು? ನೀರಿನ ಶುಲ್ಕ ವಸೂಲಿ ನೀರಿನ ಖರ್ಚಿನ ಎಷ್ಟು ಪಾಲು? ಎಸ್ಕಾಂ ಬಾಕಿ ಎಷ್ಟಿದೆ? ಈ ವರ್ಷದ ಕ್ರಿಯಾ ಯೋಜನೆಯನ್ನು ಸೂಚನಾ ಫಲಕಕ್ಕೆ ಯಾವಾಗ ಹಾಕುತ್ತೀರಿ? ಉತ್ತರ ಅಲ್ಲೇ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, ಶುಲ್ಕ 10 ರೂಪಾಯಿ. ಅಂದಾಜಿನ ಕಾಲಂ ಮತ್ತು ನಿಜವಾಗಿ ಬಂದದ್ದರ ಕಾಲಂ ಇವೆರಡನ್ನು ಮೂರು ವರ್ಷದ್ದು ಅಕ್ಕಪಕ್ಕ ಇಟ್ಟರೆ, ಮುಂದಿನ ಮಾರ್ಚ್‌ನಲ್ಲಿ ಬರುವ ಉಳಿತಾಯ ಎಷ್ಟರ ಮಟ್ಟಿಗಿನದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.